ಊಟಕ್ಕೇಳದ ಮೈದುನ

ಮಧುಗಿರಿಯ ಪೇಟೆಬೀದಿಯಲ್ಲಿ ಹುಣಸೆಮಂಡಿ ನಂದೀಶ್ವರಯ್ಯನವರ ಮನೆಯೆಂದರೆ ಬೆಳಗಿನ ಊಟ ತಡವಾಗುವ ಮನೆ ಎಂದೇ ಹೆಸರು. ಮನೆಯವರೆಲ್ಲ ಸ್ನಾನ ಮಾಡಿ, ವಿಭೂತಿ ಧರಿಸಿ, ನಡುಮನೆಯಲ್ಲಿ ಸಾಲಾಗಿ ಕೂತು, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಪೂಜೆ ಮಾಡಬೇಕು. ಕೊನೆಯವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಮತ್ತೆ ಕರಡಿಗೆಯಲ್ಲಿಡುವ ತನಕ ಒಲೆಯ ಮೇಲಿನದು ಒಲೆಯ ಮೇಲೇ. ಯಜಮಾನರ ತಾತನ ಕಾಲದಿಂದ ಬಂದ ಕ್ರಮ. ಶಿವನಿಗೆ ಅದರಿಂದ ಎಷ್ಟು ಸಂತೋಷವಾಗುತ್ತಿತ್ತೋ ಶಿವನೇ ಬಲ್ಲ. ಹಿರಿಯ ಸೊಸೆ ಶಿವರುದ್ರಮ್ಮನಿಗೆ ಮಾತ್ರ ಒಂದೇ ಸಾರನ್ನು ಮತ್ತೆ ಮತ್ತೆ ಬಿಸಿ ಮಾಡುವ ಕೆಲಸ. ಅವಳು ತನ್ನ ಪೂಜೆಯನ್ನು ಕೋಳಿ ಕೂಗುವ ಹೊತ್ತಿಗೇ ಮುಗಿಸಿಕೊಂಡು ಅಡಿಗೆಮನೆ ಸೇರಿರುತ್ತಿದ್ದಳು.

ಆ ವರ್ಷ ಯುರೋಪಿನ ಯುದ್ಧ ಮುಗಿಯುವ ಹೊತ್ತಿಗೆ ಹೊಸ ಜ್ವರವೊಂದು ಬೊಂಬಾಯಿಯ ಕಡೆಯಿಂದ ರೈಲು ಹತ್ತಿ ಬಂತು. ಜನ ಅದಕ್ಕೆ ಯುದ್ಧದ ಜ್ವರ ಎಂದು ಹೆಸರಿಟ್ಟರು. ಬೆಂಗಳೂರಿನಲ್ಲಿ ಕಾಲೇಜಿಗೆ ಬೀಗ ಬಿತ್ತು. ಹೊಸದಾಗಿ ಶುರುವಾಗಿದ್ದ ಯೂನಿವರ್ಸಿಟಿಯಲ್ಲಿ ಬಿ.ಎ. ಓದುತ್ತಿದ್ದ ಶಿವರುದ್ರಮ್ಮನ ಮೈದುನ ನಾಗಲಿಂಗ, ತುಮಕೂರಿನ ತನಕ ರೈಲಿನಲ್ಲೂ ಅಲ್ಲಿಂದ ಎತ್ತಿನ ಗಾಡಿಯಲ್ಲೂ ಕೂತು ಮನೆಗೆ ಬಂದ. ಅವನಿಗೂ ಜ್ವರ ಬಂದು ಹೋಗಿತ್ತು. ಹುಡುಗ ಉಳಿದು ಬಂದನಲ್ಲ ಎಂದು ಅವನ ಅಜ್ಜಿ ಬಸವಮ್ಮ ಬಾಗಿಲಲ್ಲೇ ನಿವಾಳಿಸಿ ಒಳಗೆ ಕರೆದುಕೊಂಡಳು.

ಬಂದವನು ಮಲಗಿದ. ಬೀದಿಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರೆ ಯಾರು ಕರೆದರೂ ಹೊರಳುತ್ತಿರಲಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡುತ್ತಿದ್ದ, ಪೂಜೆಯ ಸಾಲಿನ ಕೊನೆಯಲ್ಲಿ ಕೂತು ತಲೆಯ ಮೇಲೆ ಶಾಲು ಎಳೆದುಕೊಳ್ಳುತ್ತಿದ್ದ, ಎಲ್ಲರ ಪೂಜೆ ಮುಗಿದ ಮೇಲೂ ಆ ಶಾಲಿನೊಳಗೇ ಇರುತ್ತಿದ್ದ. ನಂದೀಶ್ವರಯ್ಯ ಕೆಮ್ಮುವರು. ದೊಡ್ಡ ಮಗ ಮಹಾಲಿಂಗಯ್ಯ ಮಂಡಿಗೆ ಹೊತ್ತಾಯಿತೆಂದು ಗೊಣಗುವನು. ಕೊನೆಗೊಮ್ಮೆ ಶಾಲು ಸರಿಸಿ ಎದ್ದವನು, ಎಲೆ ಹಾಕುವಷ್ಟರಲ್ಲಿ "ಹಸಿವಿಲ್ಲ" ಎಂದು ಕೋಣೆಗೆ ಹೋಗಿಬಿಡುವನು.

"ಅವನಿಗೆ ಹಸಿವಿಲ್ಲ ಅಂತ ನಮ್ಮನ್ಯಾಕೆ ಕಾಯಿಸ್ತಾನೆ?" ಎಂದು ಶಿವರುದ್ರಮ್ಮ ಗಂಡನನ್ನು ಕೇಳಿದಳು.

"ಓದಿದೋರ ಹಸಿವು ಬೇರೆ ಕಣೆ. ಅದು ಬೆಂಗಳೂರಲ್ಲೇ ಉಳ್ಕೊಂಡಿರಬೇಕು" ಎಂದ ಮಹಾಲಿಂಗಯ್ಯ.

ಎದುರುಮನೆಯಲ್ಲಿ ಮೂರು ತಲೆಮಾರೂ ಒಟ್ಟಿಗೆ ಜ್ವರ ಹಿಡಿದು ಮಲಗಿದ್ದವು. ಶಿವರುದ್ರಮ್ಮ ದಿನವೂ ಒಂದು ತಪ್ಪಲೆ ಗಂಜಿ ಒಯ್ದು ಅವರ ಜಗಲಿಯ ಮೇಲಿಟ್ಟು ಬರುತ್ತಿದ್ದಳು. ಆ ಮನೆಯ ಮುದುಕ ತೆವಳಿಕೊಂಡು ಬಂದು ಗಂಜಿಗೆ ಕೈಮುಗಿಯುತ್ತಿದ್ದ. ಅದನ್ನು ನೋಡಿ ಮನೆಗೆ ಬಂದರೆ ಇಲ್ಲಿ ಅನ್ನದ ಮುಂದಿನಿಂದ ಎದ್ದು ಹೋಗುವ ಮಹರಾಯ. ಅವಳ ಹೊಟ್ಟೆ ಉರಿಯುತ್ತಿತ್ತು. ಅವನು ಬಿಟ್ಟದ್ದನ್ನು ದನದ ಬಾನಿಗೆ ಸುರಿಯುವಾಗ ಒಂದೊಂದು ತುತ್ತಿಗೂ ಒಂದೊಂದು ಬೈಗುಳ ಬೀಳುತ್ತಿತ್ತು. ಬೈದು ಮುಗಿಸಿ, ರಾತ್ರಿಗೆ ಅವನಿಗೆ ಇಷ್ಟವೆಂದು ಅವರೆಕಾಯಿ ಬಿಡಿಸಲು ಕೂರುವವಳೂ ಅವಳೇ.

ಎಲ್ಲರೂ ಅವನಿಗೆ ಹೇಳಿದ್ದಾಯಿತು. ಪುಸ್ತಕ ತೆಗೆ, ಪರೀಕ್ಷೆ ನಿನಗಾಗಿ ಕಾಯುವುದಿಲ್ಲ ಎಂದರು ನಂದೀಶ್ವರಯ್ಯ. ಗಾಳಿ ಸೋಕಿದೆ ಎಂದು ಅಜ್ಜಿ ಕೊರಳಿಗೆ ದಾರ ಕಟ್ಟಿದಳು. ಪಂಡಿತರು ಬಂದು ನಾಡಿ ಹಿಡಿದು ನೋಡಿ, ಜ್ವರವೂ ಇಲ್ಲ ಕಫವೂ ಇಲ್ಲ, ಆದರೆ ಹೀಗೇ ಉಪವಾಸ ಕೂತರೆ ಮಾಗಿಯ ಚಳಿ ತಡೆಯುವ ದೇಹವಲ್ಲ ಇದು ಎಂದು ಹೇಳಿ ಹೋದರು. ಆ ಮಾತು ಕೇಳಿದ ದಿನದಿಂದ ಬಸವಮ್ಮಜ್ಜಿಯೂ ಒಂದು ಹೊತ್ತಿನ ಊಟ ಬಿಟ್ಟಳು. ಈಗ ಶಿವರುದ್ರಮ್ಮ ಬೇಡಿಕೊಳ್ಳಬೇಕಾದವರು ಇಬ್ಬರಾದರು.

ಪೂಜೆ ಮುಗಿದ ಮೇಲೆ ಸಾಲು ಕೂತಿದ್ದ ನೆಲವನ್ನು ಒರೆಸುವುದು, ಪೂಜೆಯ ನೀರಿನ ಗಿಂಡಿಗಳನ್ನು ತೊಳೆಯುವುದು ಅವಳ ಕೆಲಸ. ಲಿಂಗಕ್ಕೆ ನೀರೆರೆದ ಜಾಗದಲ್ಲಿ ನೆಲ ಒದ್ದೆಯಾಗಿರುತ್ತದೆ, ವಿಭೂತಿ ಅಂಟಿದ ಬಿಲ್ವಪತ್ರೆ ಬಿದ್ದಿರುತ್ತದೆ. ಒಂದು ದಿನ ನಾಗಲಿಂಗ ಕೂತ ಜಾಗಕ್ಕೆ ಬಟ್ಟೆ ಹಾಕಿದರೆ ನೆಲ ಒಣಗಿತ್ತು. ಗಿಂಡಿ ತುಂಬಿದ ಹಾಗೇ ಇತ್ತು. ಸೋಮಾರಿತನ ಎಂದುಕೊಂಡಳು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ ಹಾಗೇ ಆದಾಗ ಗಿಂಡಿಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಅಜ್ಜಿಯ ಮುಂದಿಟ್ಟಳು.

ಮರುದಿನ ಬೆಳಗ್ಗೆ ಬಸವಮ್ಮಜ್ಜಿ ತನ್ನ ಪೂಜೆ ಮುಗಿಸಿ, ಗೋಡೆ ಹಿಡಿದುಕೊಂಡು ಸಾಲಿನ ಕೊನೆಗೆ ಹೋಗಿ ಮೊಮ್ಮಗನ ಶಾಲು ಎಳೆದಳು. ಅವನು ಕಣ್ಣು ಮುಚ್ಚಿ ಕೂತಿದ್ದ. ಚಾಚಿದ ಎಡ ಅಂಗೈಯಲ್ಲಿ ಏನೂ ಇರಲಿಲ್ಲ.



"ಲಿಂಗ ಎಲ್ಲೋ?" ಎಂದರು ನಂದೀಶ್ವರಯ್ಯ.

"ರುದ್ರಯ್ಯನ ಕೈಲಿದೆ."

"ಯಾವ ರುದ್ರಯ್ಯ?"

"ಪಾವಗಡದ ಕಡೆ ರಾಯಚರ್ಲಿನೋನು. ಹಾಸ್ಟೆಲಲ್ಲಿ ನನ್ನ ರೂಮಿನೋನು."

"ಅವನ ಕೈಲಿ ಯಾಕಿದೆ? ಹೋಗಿ ಇಸ್ಕೊಂಡು ಬಾ."

"ಅವನು ಮಣ್ಣಲ್ಲಿದಾನೆ ಅಪ್ಪಯ್ಯ."

ಆಮೇಲೆ ಬಿಡಿಬಿಡಿಯಾಗಿ ಹೇಳಿದ. ಹಾಸ್ಟೆಲಿನಲ್ಲಿ ಜ್ವರ ಹಬ್ಬಿದಾಗ ಇದ್ದ ಹುಡುಗರೆಲ್ಲ ಊರು ಸೇರಿದರು. ಏಳಲಾರದ ರುದ್ರಯ್ಯ ಉಳಿದ, ಅವನಿಗಾಗಿ ನಾಗಲಿಂಗ ಉಳಿದ. ರುದ್ರಯ್ಯ ಹೋದ. ಸಮಾಧಿಗೆ ಒಯ್ಯುವಾಗ ನೋಡಿದರೆ ಕೊರಳಲ್ಲಿ ಕರಡಿಗೆ ಇರಲಿಲ್ಲ. ನಮ್ಮವರನ್ನು ಅಂಗೈಯಲ್ಲಿ ಲಿಂಗವಿಲ್ಲದೆ ಮಣ್ಣಿಗೆ ಇಳಿಸುವುದುಂಟೆ? ತನ್ನದನ್ನು ಬಿಚ್ಚಿ ಅವನ ಕೈಯಲ್ಲಿಟ್ಟು ಕಳಿಸಿದ.

ನಂದೀಶ್ವರಯ್ಯ ಎದ್ದು ಹೆಗಲ ವಸ್ತ್ರ ಕೊಡವಿದರು, ಮತ್ತೆ ಕೂತರು. "ಮಾಡಿದ್ದು ಧರ್ಮಾನೇ. ಬಂದು ಹೇಳೋಕೇನಾಗಿತ್ತು ನಿನ್ನ ಬಾಯಿಗೆ? ಇಷ್ಟು ದಿನ ಬರೀ ಕೈ ಹಿಡ್ಕೊಂಡು ನಾಟಕ ಆಡಿದೆಯಲ್ಲ" ಎಂದವರು, ಆ ದಿನ ತಾವೂ ಉಣ್ಣದೆ ಮಂಡಿಗೆ ಹೋದರು. ಸಂಜೆ ಮಠದ ಚನ್ನಮಲ್ಲಯ್ಯನವರನ್ನು ಕರೆದುಕೊಂಡು ಬಂದರು. ಅಯ್ಯನವರು ಮೆಲುದನಿಯ ವೃದ್ಧರು. ಎಲ್ಲ ಕೇಳಿ, ಗೆಳೆಯನಿಗೆ ಕೊಟ್ಟವನಿಗೆ ಗುರು ಇನ್ನೊಂದು ಕೊಡುತ್ತಾನೆ ಎಂದರು. ಕಾರ್ತಿಕ ಸೋಮವಾರ ಹೊಸ ಲಿಂಗ ಕಟ್ಟಿದರು. ಜ್ವರದ ಕಾಲವಾದ್ದರಿಂದ ನೆಂಟರನ್ನು ಕರೆಯಲಿಲ್ಲ. ಮನೆಮಟ್ಟಿಗೆ ಒಬ್ಬಟ್ಟು ಮಾಡಿದ್ದಾಯಿತು. ಶಿವರುದ್ರಮ್ಮ ಹೂರಣ ರುಬ್ಬುತ್ತ, ಇನ್ನು ಸಾರು ಒಂದೇ ಸಲ ಬಿಸಿ ಮಾಡಿದರೆ ಸಾಕು ಎಂದು ಶಿವನಿಗೆ ಮನಸ್ಸಿನಲ್ಲೇ ಕೈಮುಗಿದಳು.

ನಾಗಲಿಂಗ ಒಬ್ಬಟ್ಟಿನ ಅಂಚು ಮುರಿದು ಬಾಯಿಗಿಟ್ಟುಕೊಂಡ. ಉಳಿದದ್ದನ್ನು ಎಲೆಯಲ್ಲಿ ಸರಿಸಿದ. ಹಸಿವಿಲ್ಲ ಎಂದು ಎದ್ದ.

ಅವನು ಕೂತ ಜಾಗದಲ್ಲಿ ಈಗ ನೆಲವೇನೋ ಒದ್ದೆಯಾಗುತ್ತಿತ್ತು. ಉಳಿದದ್ದೆಲ್ಲ ಹಿಂದಿನಂತೆಯೇ. ಗೋಡೆ, ಶಾಲು, ಬಿಟ್ಟೆದ್ದ ಎಲೆ. ಮೊದಲು ಕಾರಣ ಗೊತ್ತಿರಲಿಲ್ಲವಾದ್ದರಿಂದ ಮನೆಯವರಿಗೆ ಒಂದಿಷ್ಟು ತಾಳ್ಮೆ ಇತ್ತು. ಈಗ ಕಾರಣ ಗೊತ್ತಾಗಿ, ಪರಿಹಾರವೂ ಆಗಿ, ಹುಡುಗ ಮಾತ್ರ ಹಾಗೇ ಉಳಿದಿದ್ದನಾದ್ದರಿಂದ ತಾಳ್ಮೆ ಪೂರಾ ಹರಿಯಿತು.

"ಇನ್ನೇನು ಕಟ್ಟಬೇಕಂತೆ ಇವನ ಕೊರಳಿಗೆ, ಗಂಟೆಯಾ?" ಎಂದ ಮಹಾಲಿಂಗಯ್ಯ.

ಒಂದು ದಿನ ನಂದೀಶ್ವರಯ್ಯ ಕೋಣೆಯ ಬಾಗಿಲಲ್ಲಿ ನಿಂತು ಬೀದಿಗೆ ಕೇಳುವ ಹಾಗೆ ಕೂಗಾಡಿದರು. "ಲಿಂಗ ಇಲ್ಲ ಅಂದೆ, ಕಟ್ಟಿಸಿದೆ. ಧರ್ಮ ಮಾಡಿದೆ ಅಂತ ಗುರುಗಳೇ ಅಂದ್ರು. ಇನ್ನು ನೀನು ಊಟ ಮಾಡೋಕೆ ಸರ್ಕಾರದ ಆರ್ಡರ್ ಬರಬೇಕಾ?"

ಅವರು ಬಾಗಿಲ ಚೌಕಟ್ಟಿಗೆ ತಲೆಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದನ್ನು ಶಿವರುದ್ರಮ್ಮ ಅಡಿಗೆಮನೆಯಿಂದ ನೋಡಿದಳು. ಆಮೇಲೆ ಮಂಡಿಗೆ ಹೋದರು.

ಎದುರುಮನೆಯ ಮುದುಕ ಎದ್ದು ಓಡಾಡುವಂತಾದ ಹೊತ್ತಿಗೆ ಶಿವರುದ್ರಮ್ಮ ಮನೆಯ ಬಟ್ಟೆಯನ್ನೆಲ್ಲ ಕುದಿಸಿ ಒಗೆಯಲು ಹೊರಟಳು. ಬೀದಿಕೋಣೆಯ ಗೂಟದಲ್ಲಿ ನಾಗಲಿಂಗನ ಕರಿ ಕೋಟು ಬಂದ ದಿನದಿಂದ ತೂಗುತ್ತಿತ್ತು. ಕೇಳಿದಾಗೆಲ್ಲ ಆಮೇಲೆ ಅತ್ತಿಗೆ, ಆಮೇಲೆ ಎನ್ನುತ್ತಿದ್ದ. ಈ ಸಲ ಅವಳು ಕೇಳಲಿಲ್ಲ. ಅವನು ಬಚ್ಚಲಿಗೆ ಹೋದಾಗ ಎತ್ತಿಕೊಂಡು ಹಿತ್ತಿಲ ಬಾವಿಕಟ್ಟೆಗೆ ಹೋದಳು. ಬಿಸಿನೀರಿಗೆ ಅದ್ದುವ ಮುಂಚೆ ಜೇಬಿಗೆ ಕೈ ಹಾಕಿದಳು.

ಕೈಗೆ ಸಿಕ್ಕಿದ್ದು ಒಂದು ಬೆಳ್ಳಿಯ ಕರಡಿಗೆ. ಒಂದು ಮಗ್ಗುಲು ನೆಗ್ಗಿತ್ತು. ಶಿವದಾರ ಬೆವರಿಗೆ ಕಪ್ಪಾಗಿತ್ತು. ಈ ಮನೆಯವರದಲ್ಲ. ಅವಳು ಒದ್ದೆ ಕೈಯನ್ನು ಸೀರೆಗೊರೆಸಿ, ಅದನ್ನು ಸೆರಗಿನಲ್ಲಿ ಇಟ್ಟುಕೊಂಡಳು.

ನಾಗಲಿಂಗ ಓಡಿ ಬಂದ. ಮನೆಗೆ ಬಂದ ಮೇಲೆ ಅವನು ಓಡಿದ್ದು ಅದೇ ಮೊದಲು.

"ಇದು ಯಾರದಪ್ಪ?" ಎಂದಳು.

ಅವನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. "ಅವನದೇ ಅತ್ತಿಗೆ."

ಡಾಕ್ಟರು ರುದ್ರಯ್ಯನ ಎದೆಗೆ ನಳಿಗೆ ಇಟ್ಟು ನೋಡುವಾಗ ಕರಡಿಗೆ ಅಡ್ಡ ಬಂದಿತ್ತಂತೆ. ತೆಗೆದು ಹಿಡಿದುಕೋ ಎಂದು ಇವನಿಗೆ ಹೇಳಿದರು. ತೆಗೆದು ಜೇಬಿಗೆ ಹಾಕಿಕೊಂಡ. ಬೆಳಗಾಗುವಷ್ಟರಲ್ಲಿ ರುದ್ರಯ್ಯ ಹೋಗಿದ್ದ, ಇವನ ಮೈಯೂ ಕೆಂಡವಾಗಿತ್ತು. ಒಯ್ಯಲು ಬಂದವರು ಲಿಂಗ ಎಲ್ಲಿ ಎಂದು ಕೇಳಿದಾಗ ಮಂಚದ ಕೆಳಗೆ ಹುಡುಕಿದ, ಹಾಸಿಗೆ ಕೊಡವಿದ. ಹುಡುಕುವಾಗ ಮೈಮೇಲೆ ಇದೇ ಕೋಟು ಇತ್ತು. ತುಮಕೂರು ಸ್ಟೇಷನ್ನಿನಲ್ಲಿ ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕಿದಾಗ ಕೈಗೆ ತಾಕಿತು.

"ಅವನ ಲಿಂಗ ಅವನಿಗೆ ಸೇರಲಿಲ್ಲ. ನನ್ನ ಜೇಬಲ್ಲೇ ಇತ್ತು. ಎಲ್ಲರೂ ಧರ್ಮ ಮಾಡಿದೆ ಅಂತಾರೆ" ಎಂದ.

ಶಿವರುದ್ರಮ್ಮ ಸಮಾಧಾನ ಹೇಳುವುದರಲ್ಲಿ ಜಾಣೆಯಲ್ಲ. ಆದರೂ ತನಗೆ ಬಂದದ್ದನ್ನೆಲ್ಲ ಹೇಳಿದಳು. ಜ್ವರದ ಮೈಯಲ್ಲಿ ಯಾರಿಗೆ ನೆನಪಿರುತ್ತದೆ, ನೀನೇನು ಬೇಕೆಂದು ಮಾಡಿದೆಯಾ, ಅದು ತಪ್ಪಲ್ಲ ಬುಡು ಎಂದಳು. ಅವನು ತಲೆಯಾಡಿಸುತ್ತ ಕೇಳಿದ. ಕೇಳುತ್ತಲೇ ಅವನ ಮುಖ ಗೋಡೆಯ ಕಡೆ ತಿರುಗಿದ ಮುಖವಾಯಿತು. ಅದನ್ನು ಕಂಡು ಅವಳಿಗೆ ರೇಗಿತು.

"ಸರಿ, ನಾನು ಅಂದ್ರೆ ನಿಂಗೆ ಸಾಲ್ದು. ಇದು ಯಾರ ಮನೇದೋ ಅವರ ಮನೆಗೆ ಹೋಗು."

"ಇದು ನಿನ್ನ ಹತ್ರ ಯಾಕಿದೆ ಅಂತ ಅವನವ್ವ ಕೇಳ್ತಾಳೆ ಅತ್ತಿಗೆ."

"ಕೇಳ್ಲಿ. ಹೆತ್ತೋಳು ಕೇಳ್ದೆ ಬೀದಿಯೋರು ಕೇಳ್ತಾರಾ?"

ವಿಷಯ ಮನೆಗೆಲ್ಲ ಗೊತ್ತಾದ ಮೇಲೆ ಒಂದು ವಾರ ಜಗಳವಾಯಿತು. ಮಠದ ಬಾವಿಗೆ ಬಿಟ್ಟರೆ ಮುಗಿಯಿತು, ಮಗ ಸತ್ತ ಮನೆಗೆ ಹೋಗಿ ಗಾಯ ಕೆದಕುವುದೇಕೆ ಎಂದರು ನಂದೀಶ್ವರಯ್ಯ. ಕಾಲೇಜು ಯಾವ ಗಳಿಗೆಯಲ್ಲಿ ತೆರೆಯುತ್ತದೋ ಎಂಬ ಚಿಂತೆಯೂ ಅವರಿಗೆ. ತಾಯಿಗೆ ಸೇರಬೇಕಾದ್ದನ್ನು ಬಾವಿಗೆ ಹಾಕುತ್ತೀಯಾ ಎಂದು ಬಸವಮ್ಮಜ್ಜಿ ಮಗನ ಮೇಲೆ ಹರಿಹಾಯ್ದಳು. ಮಹಾಲಿಂಗಯ್ಯ ಅಪ್ಪನ ಎದುರು ಅಪ್ಪನ ಪಕ್ಷ, ಅಜ್ಜಿಯ ಎದುರು ಅಜ್ಜಿಯ ಪಕ್ಷ.

ಶಿವರುದ್ರಮ್ಮ ಮಾವನವರ ಎದುರು ನಿಂತು ಮಾತಾಡಿದವಳಲ್ಲ. ಆ ದಿನ ಅಡಿಗೆಮನೆಯ ಬಾಗಿಲ ಮರೆಯಿಂದಲೇ, "ಮಾವ, ಇನ್ನೊಂದು ತಿಂಗಳು ಹಿಂಗೇ ಆದ್ರೆ ಕಾಲೇಜು ತೆಗೀತದೆ, ಹೋಗೋಕೆ ಹುಡುಗ ಇರಲ್ಲ" ಎಂದಳು.

ನಂದೀಶ್ವರಯ್ಯ ಬಾಗಿಲ ಕಡೆ ನೋಡಿದರು. "ಗಾಡಿ ಕಟ್ಟಿಸು" ಎಂದು ದೊಡ್ಡ ಮಗನಿಗೆ ಹೇಳಿ ಎದ್ದು ಹೋದರು.

ಮಹಾಲಿಂಗಯ್ಯ ಹೇಗೂ ಪಾವಗಡದ ಕಡೆ ಹುಣಸೆಮರಗಳ ಗುತ್ತಿಗೆ ನೋಡಲು ಹೋಗಬೇಕಾಗಿತ್ತು. ನಾಗಲಿಂಗ ದಾರಿಯಲ್ಲಿ ಇಳಿದು ಹಿಂದಕ್ಕೆ ಬಂದಾನೆಂದು ಶಿವರುದ್ರಮ್ಮನೂ ರೊಟ್ಟಿಯ ಗಂಟು ಕಟ್ಟಿಕೊಂಡು ಗಾಡಿ ಹತ್ತಿದಳು. ಮಿಡಿಗೇಶಿಯಲ್ಲಿ ತಂಗಿದರು. ಅಲ್ಲಿಂದ ಮುಂದೆ ನೆಲ ಕಲ್ಲಾಗುತ್ತ, ಬೇಲಿಯಲ್ಲಿ ಕಳ್ಳಿ ಹೆಚ್ಚುತ್ತ, ದಾರಿ ಕೇಳಿದರೆ ಉತ್ತರದಲ್ಲಿ ಅರ್ಧ ತೆಲುಗು ಬರತೊಡಗಿತು. ನಾಗಲಿಂಗ ಎರಡು ಸಲ ವಾಪಸು ಹೋಗೋಣ ಎಂದ. ಎರಡು ಸಲವೂ ಅವಳು ಅವನಿಗೆ ರೊಟ್ಟಿ ಕೊಟ್ಟಳು. ಅದನ್ನು ಎತ್ತುಗಳು ತಿಂದವು.

ರಾಯಚರ್ಲಿನಲ್ಲಿ ರುದ್ರಯ್ಯನ ತಾಯಿ ದಾಕ್ಷಾಯಣಮ್ಮ ಹೊಲದಿಂದ ಆಗ ತಾನೇ ಬಂದು ಕುಡುಗೋಲನ್ನು ಸೂರಿಗೆ ಸಿಕ್ಕಿಸುತ್ತಿದ್ದಳು. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗನಿದ್ದ. ಇಂಥವನು ಎಂದು ಮಹಾಲಿಂಗಯ್ಯ ತಮ್ಮನ ಗುರುತು ಹೇಳಿದ. ಅವಳು ಹುಡುಗನನ್ನು ಮೇಲಿಂದ ಕೆಳಗೆ ನೋಡಿದಳು.

"ಏಮಿ ನಾಯನಾ, ಬರೋಕೆ ಇಷ್ಟು ದಿನ ಬೇಕಾಯ್ತೇನಪ್ಪ? ತಂತಿ ಬಂತು, ಮಗ ಹೋದ ಅಂತ ಶಾನುಭೋಗರು ಓದಿ ಹೇಳಿದ್ರು. ಹೆಂಗೆ ಹೋದ ಅಂತ ಅದರಲ್ಲಿ ಇರಲಿಲ್ಲ. ಯಾರಾದ್ರೂ ಬಂದು ಹೇಳ್ತಾರೆ ಅಂತ ದಿನಾ ಬಾಗ್ಲು ನೋಡ್ತಿದೀನಿ."

ನಾಗಲಿಂಗ ಕರಡಿಗೆಯನ್ನು ಎರಡು ಕೈಯಲ್ಲೂ ಹಿಡಿದು ಅವಳ ಮುಂದೆ ಚಾಚಿದ. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಡಾಕ್ಟರು ಬಂದದ್ದು, ಜೇಬಿಗೆ ಹಾಕಿಕೊಂಡದ್ದು, ಮಂಚದ ಕೆಳಗೆ ಹುಡುಕಿದ್ದು, ತನ್ನದನ್ನು ಬಿಚ್ಚಿ ಅವನ ಕೈಯಲ್ಲಿಟ್ಟದ್ದು. ದಾಕ್ಷಾಯಣಮ್ಮ ಕರಡಿಗೆ ಇಸಿದುಕೊಂಡು, ನೆಗ್ಗಿದ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿ, ಕಣ್ಣಿಗೊತ್ತಿಕೊಂಡಳು.

ಶಿವರುದ್ರಮ್ಮ ನಡುವೆ ಬಾಯಿ ಹಾಕಿದಳು. "ಇವನಿಗೂ ಜ್ವರ ಇತ್ತು ಕಣಮ್ಮ, ಮೈಮೇಲೆ ಜ್ಞಾನ ಇರಲಿಲ್ಲ. ಇವನ ತಪ್ಪಲ್ಲ" ಎಂದಳು.

"ನೀನು ಸುಮ್ನಿರು ತಾಯಿ" ಎಂದಳು ದಾಕ್ಷಾಯಣಮ್ಮ. ನಾಗಲಿಂಗನ ಕಡೆ ತಿರುಗಿದಳು. "ತಪ್ಪೇ ಕಣಪ್ಪ. ಹುಟ್ಟಿದ ಮಗೂಗೆ ಈ ಮನೇಲಿ ಕಟ್ಟಿಸಿದ್ದು ಇದು. ಹೋಗೋವಾಗ ಅವನ ಕೈಲಿ ಇದೇ ಇರಬೇಕಾಗಿತ್ತು. ತಪ್ಪಲ್ಲ ಅಂತ ನಾನು ಹೆಂಗೆ ಅನ್ಲಿ?"

"ಹೌದಮ್ಮ" ಎಂದ ನಾಗಲಿಂಗ. ಅಲ್ಲೇ ಜಗಲಿಯ ಮೇಲೆ ಕೂತು ಅಳತೊಡಗಿದ. ಮಧುಗಿರಿಯ ಮನೆಯಲ್ಲಿ ಅವನು ಒಂದು ಹನಿಯನ್ನೂ ಹಾಕಿರಲಿಲ್ಲ.

ಅವಳು ಅವನನ್ನು ತಡೆಯಲಿಲ್ಲ. ಅಳು ಮುಗಿಯುವ ತನಕ ಕಂಬಕ್ಕೆ ಒರಗಿ ಕೂತಿದ್ದಳು. "ಬರೀ ಕೈಲಿ ಕಳಿಸ್ಲಿಲ್ಲ ನೀನು. ಅದೂ ನಂಗೆ ಗೊತ್ತಾಯ್ತು" ಎಂದಳು ಆಮೇಲೆ. ಮಗ ಕೊನೆಗೆ ಏನು ತಿಂದ, ಯಾರನ್ನು ಕರೆದ, ನೀರು ಯಾರು ಕೊಟ್ಟರು ಎಂದು ಒಂದೊಂದೇ ಕೇಳಿದಳು. ನಾಗಲಿಂಗ ಒಂದೊಂದಕ್ಕೂ ಉತ್ತರ ಕೊಟ್ಟ. ಹೊತ್ತು ಮುಳುಗುವ ತನಕ ಅದೇ ಮಾತು. ಇಷ್ಟು ಮಾತು ಇವನೊಳಗೆ ಎಲ್ಲಿತ್ತು ಎಂದು ಮಹಾಲಿಂಗಯ್ಯ ಬಾಯಿ ಬಿಟ್ಟುಕೊಂಡು ಕೂತಿದ್ದ.

ಪೂಜೆಯಾದ ಮೇಲೆ ಮುದ್ದೆ, ಹುರುಳಿ ಸಾರು ಬಡಿಸಿದಳು. ನಾಗಲಿಂಗ ಅಭ್ಯಾಸದಂತೆ, "ಹಸಿವಿಲ್ಲಮ್ಮ" ಎಂದ.

"ಹಸಿವಿದೆಯಾ ಅಂತ ನಾನು ಕೇಳಿದ್ನಾ? ಹೊಲದಲ್ಲಿ ರಾಗಿ ನಿಂತದೆ. ಕೊಯ್ಯೋ ಆಳುಗಳನ್ನ ಜ್ವರ ಮಲಗಿಸ್ತು. ನನ್ನ ಮಗ ಇದ್ದಿದ್ರೆ ರಜಕ್ಕೆ ಬಂದು ಕೊಯ್ತಿದ್ದ. ನಾಳೆ ನೀನು ಬರ್ತೀಯ. ಬರೀ ಹೊಟ್ಟೇಲಿ ಬಂದು ಹೊಲದಲ್ಲಿ ಬಿದ್ರೆ ನಿನ್ನ ಹೊತ್ಕೊಂಡು ಬರೋರ್ಯಾರು, ನಾನಾ?"

ನಾಗಲಿಂಗ ಅತ್ತಿಗೆಯ ಕಡೆ ನೋಡಿದ. ಶಿವರುದ್ರಮ್ಮ ಬೇಕೆಂದೇ ಸೂರು ನೋಡುತ್ತ ಕೂತಳು. ಅವನು ಮುದ್ದೆ ಮುರಿದ. ಅರ್ಧ ತಿಂದ. ಮುದ್ದೆ ಗಂಟುಗಂಟಾಗಿತ್ತು, ಸಾರು ಸೀದಿತ್ತು. ಇಷ್ಟು ವಾರ ತಾನು ಅವರೆಕಾಯಿ ಬಿಡಿಸಿದ್ದು, ಹೂರಣ ರುಬ್ಬಿದ್ದು ನೆನಪಾಗಿ ಅವಳಿಗೆ ಒಳಗೊಳಗೇ ಕಿಚ್ಚು. ಆ ಕಿಚ್ಚಿನಲ್ಲೇ ಶಿವನನ್ನು ನೆನೆದಳು.

ಬೆಳಗ್ಗೆ ಗಾಡಿ ಹೊರಟಾಗ ನಾಗಲಿಂಗ ಅದರಲ್ಲಿರಲಿಲ್ಲ.

"ಅಪ್ಪಯ್ಯನಿಗೆ ಏನು ಹೇಳ್ಲಿ?" ಎಂದು ಮಹಾಲಿಂಗಯ್ಯ ಊರು ದಾಟುವ ಮೊದಲೇ ಚಡಪಡಿಸಿದ.

"ಹುಡುಗ ರಾಗಿ ಕೊಯ್ತಿದಾನೆ ಅನ್ನಿ."

"ಬಿ.ಎ. ಓದೋನು?"

"ಹೂಂ, ಬಿ.ಎ. ಓದೋನೇ. ಕೊಯ್ದು ಮುಗಿಸಿ ಬಂದು ಓದ್ಕೊಳ್ತಾನೆ."

ಗಾಡಿ ದಾಕ್ಷಾಯಣಮ್ಮನ ಹೊಲದ ಬದುವಿಗೆ ಬಂತು. ಮಳೆ ಕಡಿಮೆಯಾದ ವರ್ಷ, ತೆನೆ ಚಿಕ್ಕವು. ನಾಗಲಿಂಗ ಪಂಚೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಲಾರದೆ ನಡುಮಟ್ಟದಲ್ಲೇ ಕುಡುಗೋಲು ಆಡಿಸುತ್ತಿದ್ದ.

"ಏಯ್ ಅಬ್ಬಾಯಿ, ಬಗ್ಗೋ ಹುಡುಗ" ಎಂದು ದಾಕ್ಷಾಯಣಮ್ಮನ ದನಿ ಹೊಲದಾಚೆಯಿಂದ ಬಂತು. "ಇಷ್ಟು ಮೇಲಕ್ಕೆ ಕೊಯ್ದ್ರೆ ಹುಲ್ಲೆಲ್ಲ ನೆಲದ ಪಾಲು. ದನಕ್ಕೇನು ಹಾಕ್ಲಿ, ನಿನ್ನ ಪುಸ್ತಕಾನಾ?"

"ನೀವು ತೋರ್ಸಿದ್ದೂ ಹಿಂಗೇ ಅಲ್ವೇನಮ್ಮ?" ಎಂದ ನಾಗಲಿಂಗ. ದನಿಯಲ್ಲಿ ಸಿಡುಕಿತ್ತು.

ಅವಳು ತೆಲುಗಿನಲ್ಲಿ ಏನೋ ಬೈದಳು. ಅವನು ಮತ್ತೆ ಏನೋ ಅಂದ. ಅವಳ ದನಿ ಇನ್ನೂ ಏರಿತು.

ಮಹಾಲಿಂಗಯ್ಯ ಎತ್ತುಗಳ ಬಾಲಕ್ಕೆ ಕೈ ಹಾಕಿದ. ಶಿವರುದ್ರಮ್ಮ ಅವನ ತೋಳು ಹಿಡಿದಳು.

"ಏನೂಂದ್ರೆ, ಸ್ವಲ್ಪ ನಿಧಾನ ಹೊಡೀರಿ" ಎಂದಳು. "ಅವನನ್ನ ಬೇರೆಯೋರು ಬೈಯೋದನ್ನ ಒಂದಿಷ್ಟು ಕೇಳ್ಕೊಂಡು ಹೋಗ್ತೀನಿ."